ಹೀಟರ್ ಪೈಪ್ ಕಿತ್ತರೆ ಸಾಲದು, ನೀರಿಗೆ ದಾರಿ ಬಿಡಿ
ಕುಮಳಿ ಘಾಟ್ ಹತ್ತುವ ಹಳೇ ಗಾಡಿಗಳ ಎಂಜಿನ್ ಉಳಿಸುವ ಮಾತು

ಗೂಡಲೂರು (ತೇನಿ ಜಿಲ್ಲೆ): ಗೂಡಲೂರು ಅಂದ ಕೂಡಲೇ ನಮ್ಮ ಕಡೆಯವರಿಗೆ ನೆನಪಾಗೋದು ನೀಲಗಿರಿಯ ಗೂಡಲೂರು. ಇದು ಅದಲ್ಲ. ಕಂಬಂ ಕಣಿವೆಯ ಕೊನೆಯಲ್ಲಿ, ಕೇರಳ ಗಡಿಯ ಹತ್ತಿರ ಇರುವ ಊರು. ದ್ರಾಕ್ಷಿ, ಭತ್ತ, ತೆಂಗಿನ ಸೀಮೆ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತಮಿಳು ಎನ್ನುವ ಒಕ್ಕಲಿಗ ಕುಟುಂಬಗಳು ತಲೆತಲಾಂತರದಿಂದ ಈ ಕಣಿವೆಯಲ್ಲಿವೆ.

ಊರು ದಾಟಿ ಲೋಯರ್ ಕ್ಯಾಂಪ್ ಮುಟ್ಟಿದರೆ ಘಾಟ್ ಶುರು. ಮೇಲೆ ಕುಮಳಿ. ಹಿಂದೆ 220, ಈಗ 183 ನಂಬರಿನ ರಾಷ್ಟ್ರೀಯ ಹೆದ್ದಾರಿ. ಏಲಕ್ಕಿ ತೋಟದ ಕೂಲಿಗೆ ಹೋಗುವ ಹೆಂಗಸರನ್ನು ಹತ್ತಿಸಿಕೊಂಡು ಬೆಳಗಾಗುವ ಹೊತ್ತಿಗೇ ಜೀಪುಗಳು ಬೆಟ್ಟ ಏರುತ್ತವೆ. ಗಾಡಿ ಕುದ್ದು ನಿಂತರೆ ಚಾಲಕನಿಗೆ ಬಾಡಿಗೆ ಇಲ್ಲ, ಹಿಂದೆ ಕೂತವರಿಗೆ ಅಂದಿನ ಕೂಲಿ ಇಲ್ಲ. ಹೀಗಾಗಿ ರೇಡಿಯೇಟರ್ ವಿಷಯ ಇಲ್ಲಿ ಹೊಟ್ಟೆಪಾಡಿನ ವಿಷಯ.

ಹೀಟರ್ ಎಂಬ ಎರಡನೇ ರೇಡಿಯೇಟರ್

ಬಯಲಿನ ಸೆಕೆಯಲ್ಲಿ ಓಡಾಡುವವರಿಗೆ ಹೀಟರ್ ಯಾಕೆ ಎಂದು ಕೇಳಬಹುದು. ದಕ್ಷಿಣದ ಎಷ್ಟೋ ಅಂಬಾಸಿಡರ್‌ಗಳಿಗೆ, ಜೀಪುಗಳಿಗೆ ಹೀಟರ್ರೇ ಇರಲಿಲ್ಲ. ಆದರೆ ಚಳಿ ಸೀಮೆಯಿಂದ ಕೊಂಡು ತಂದ ಹಳೇ ಗಾಡಿಗಳಲ್ಲಿ, ಕೆಲವು ಹಳೇ ಮಾರುತಿಗಳಲ್ಲಿ ಇದೆ.

ಇದರ ಕೆಲಸ ಸರಳ. ಎಂಜಿನ್ ಹೆಡ್‌ನ ಬಿಸಿನೀರು ಒಂದು ರಬ್ಬರ್ ಹೋಸ್‌ನಲ್ಲಿ ಡ್ಯಾಶ್‌ಬೋರ್ಡ್ ಹಿಂದಿನ ಪುಟ್ಟ ರೇಡಿಯೇಟರ್‌ಗೆ ಹೋಗುತ್ತದೆ. ಇನ್ನೊಂದು ಹೋಸ್‌ನಲ್ಲಿ ವಾಟರ್ ಪಂಪಿಗೆ ವಾಪಸ್ ಬರುತ್ತದೆ. ವರ್ಷಗಳಾದ ಮೇಲೆ ಆ ಪುಟ್ಟ ರೇಡಿಯೇಟರ್ ತುಕ್ಕು ಹಿಡಿದು ಸೋರಲು ಶುರು. ಕಾಲಡಿಯ ಮ್ಯಾಟ್ ಒದ್ದೆ, ಒಳಗೆ ಸಿಹಿ ವಾಸನೆ, ಮುಂದಿನ ಗಾಜಿನ ಒಳಮೈಗೆ ಜಿಡ್ಡು. "ದಿನಾ ನೀರು ಕುಡೀತಾ ಇದೆ ಅಣ್ಣಾ, ಹೊರಗೆ ಎಲ್ಲೂ ಸೋರ್ತಿಲ್ಲ" ಎಂಬ ದೂರು ಬಂದರೆ ಮೊದಲು ನೋಡಬೇಕಾದ ಜಾಗಗಳಲ್ಲಿ ಇದೂ ಒಂದು.

ಅದನ್ನು ಬದಲಿಸಲು ಕೆಲವು ಗಾಡಿಗಳಲ್ಲಿ ಅರ್ಧ ಡ್ಯಾಶ್‌ಬೋರ್ಡ್ ಬಿಚ್ಚಬೇಕು. ಹಳೇ ಗಾಡಿಗೆ ಪಾರ್ಟ್ ಸಿಗೋದೂ ಕಷ್ಟ. ಆಗ ಉಳಿದ ದಾರಿ ಬೈಪಾಸ್.

ಮುಚ್ಚಬೇಕೋ, ಜೋಡಿಸಬೇಕೋ?

ತಪ್ಪಾಗೋದು ಇಲ್ಲೇ. ಎರಡೂ ಹೋಸ್ ಕಿತ್ತು ಬಾಯಿಗೆ ಬೋಲ್ಟ್ ತುರುಕಿ ಕ್ಲಿಪ್ ಬಿಗಿದುಬಿಟ್ಟರೆ ಸೋರಿಕೆ ನಿಲ್ಲುತ್ತದೆ, ನಿಜ. ಆದರೆ ಎಂಜಿನ್ ತಣ್ಣಗಿರುವಾಗ ಥರ್ಮೋಸ್ಟಾಟ್ ಮುಚ್ಚಿರುತ್ತದೆ, ನೀರು ರೇಡಿಯೇಟರ್‌ಗೆ ಹೋಗುವುದಿಲ್ಲ. ಕೆಲವು ಎಂಜಿನ್‌ಗಳಲ್ಲಿ ಆ ಹೊತ್ತಿಗೆ ನೀರು ಸುತ್ತಲು ಇರುವ ದಾರಿ ಈ ಹೀಟರ್ ಲೈನೇ. ಅದನ್ನೂ ಮುಚ್ಚಿದರೆ ಹೆಡ್‌ನಲ್ಲಿ ನೀರು ನಿಂತಲ್ಲೇ ಕಾಯುತ್ತದೆ. ಥರ್ಮೋಸ್ಟಾಟ್‌ಗೆ ಬಿಸಿ ತಡವಾಗಿ ಮುಟ್ಟುತ್ತದೆ. ಕೊನೆಗೆ ಗ್ಯಾಸ್ಕೆಟ್ ಹೋಗಬಹುದು, ಹೆಡ್ ಸೊಟ್ಟಗಾಗಬಹುದು. ನೂರಿನ್ನೂರು ರೂಪಾಯಿ ಉಳಿಸಲು ಹೋಗಿ ಸಾವಿರಗಟ್ಟಲೆ ಖರ್ಚು!

ಗುರುತಿಸಲು ಒಂದು ಉಪಾಯ ಇದೆ. ಹೀಟರ್ ಬಂದ್ ಮಾಡಿದಾಗ ನೀರನ್ನೇ ಪೂರ್ತಿ ತಡೆಯುವ ನಲ್ಲಿ ಕಂಪನಿಯಿಂದಲೇ ಬಂದಿದ್ದರೆ, ಆ ಎಂಜಿನ್‌ಗೆ ಹೀಟರ್ ಲೈನ್ ಅನಿವಾರ್ಯವಲ್ಲ. ಮುಚ್ಚಿದರೂ ನಡೆಯುತ್ತದೆ. ನಲ್ಲಿ ಇಲ್ಲದೆ ನೀರು ಸದಾ ಹರಿಯುತ್ತಿದ್ದರೆ ಮುಚ್ಚಲೇಬಾರದು, ಒಂದಕ್ಕೊಂದು ಜೋಡಿಸಬೇಕು. ಗೊತ್ತಾಗದಿದ್ದರೆ ಜೋಡಿಸುವುದೇ ಕ್ಷೇಮ.

ಮಾಡುವ ಕ್ರಮ

ಎಂಜಿನ್ ಪೂರ್ತಿ ಆರಿದ ಮೇಲೆಯೇ ರೇಡಿಯೇಟರ್ ಮುಚ್ಚಳ ತೆಗೆಯಿರಿ. ಬಿಸಿಯಲ್ಲಿ ತೆಗೆದರೆ ಮುಖ ಸುಡುತ್ತದೆ. ನೀರು ಸ್ವಲ್ಪ ಇಳಿಸಿ, ಹೀಟರ್ ಕಡೆಯ ಎರಡೂ ಹೋಸ್ ಬಿಚ್ಚಿ. ಅದೇ ಅಳತೆಯ ಹಿತ್ತಾಳೆ ಪೈಪಿನ ತುಂಡಿನಿಂದ ಎರಡನ್ನೂ ಕೂಡಿಸಿ, ಎರಡೂ ಕಡೆ ಕ್ಲಿಪ್ ಬಿಗಿಯಿರಿ. ಅಥವಾ ಹೆಡ್‌ನಿಂದ ಪಂಪಿಗೆ ಒಂದೇ ಹೊಸ ಹೀಟರ್ ಹೋಸ್ ಹಾಕಿ. ತಿರುವಿನಲ್ಲಿ ಹೋಸ್ ಮಡಚಿಕೊಳ್ಳಬಾರದು, ಸೈಲೆನ್ಸರ್ ಪೈಪಿಗಾಗಲಿ ಫ್ಯಾನಿಗಾಗಲಿ ತಾಗಬಾರದು. ತೋಟಕ್ಕೆ ನೀರು ಬಿಡುವ ಪೈಪು, ಸೈಕಲ್ ಟ್ಯೂಬು ಬೇಡ. ಬಿಸಿಗೆ ಮೆತ್ತಗಾಗಿ ಘಾಟ್ ನಡುವೆ ಒಡೆಯುತ್ತವೆ.

ಕೂಲಂಟ್ ತುಂಬಿ ಗಾಳಿ ಹೊರಬಿಡಿ. ಎಂಜಿನ್ ಕಾದು ಮೇಲಿನ ದೊಡ್ಡ ಹೋಸ್ ಬಿಸಿಯಾಗುವವರೆಗೆ ಓಡಿಸಿ. ಆರಿದ ಮೇಲೆ ಮತ್ತೆ ಮಟ್ಟ ನೋಡಿ. ಇಳಿಸಿದ ಕೂಲಂಟ್ ನೆಲಕ್ಕೆ ಚೆಲ್ಲಬೇಡಿ. ಅದರ ಗ್ಲೈಕಾಲ್ ಸಿಹಿಯಾಗಿರುತ್ತದೆ, ಆದರೆ ವಿಷ. ನಾಯಿ, ದನ, ಮಕ್ಕಳ ಕೈಗೆ ಸಿಗದಂತೆ ಇಡಿ.

ಥರ್ಮೋಸ್ಟಾಟ್ ತೆಗೆಯಬೇಡಿ

"ಹೆಂಗೂ ಬಿಚ್ಚಿದ್ದೀವಿ, ಥರ್ಮೋಸ್ಟಾಟೂ ತೆಗೆದುಬಿಡೋಣ" ಎನ್ನುವುದು ಬಯಲು ಸೀಮೆಯ ಹಳೇ ಚಾಳಿ. ಎಂಜಿನ್ ಬೇಕಾದಷ್ಟು ಕಾಯದಿದ್ದರೆ ಎಣ್ಣೆ ಹೆಚ್ಚು ಕುಡಿಯುತ್ತದೆ, ಬೇಗ ಸವೆಯುತ್ತದೆ.

ಕಳೆದುಕೊಳ್ಳುವುದೇನು?

ಎತ್ತರ ಏರಿದಂತೆ ನೀರು ಬೇಗ ಕುದಿಯುತ್ತದೆ. ಕುಮಳಿಯ ಎತ್ತರದಲ್ಲಿ ಬಯಲು ಪಾತ್ರೆಯ ನೀರಿಗೆ ಸುಮಾರು 97 ಡಿಗ್ರಿ ಸಾಕು. ರೇಡಿಯೇಟರ್‌ನಲ್ಲಿ ಅದನ್ನು ತಡೆಯುವುದು ಒತ್ತಡದ ಮುಚ್ಚಳ. 7 ಪೌಂಡ್ ಮುಚ್ಚಳ ಸರಿಯಿದ್ದರೆ ಕುದಿಯುವ ಮಟ್ಟ ಸುಮಾರು 11 ಡಿಗ್ರಿ ಮೇಲೇರುತ್ತದೆ. ಅದರ ರಬ್ಬರ್ ಬಿರಿದಿದ್ದರೆ ಮೊದಲು ಅದನ್ನೇ ಬದಲಿಸಿ.

ಏರಿನಲ್ಲಿ ಮುಳ್ಳು ಕೆಂಪಿನತ್ತ ಹೋದಾಗ ಹೀಟರ್ ಪೂರ್ತಿ ಹಾಕಿ ಕಿಟಕಿ ತೆರೆಯುವುದು ಹಳೇ ಚಾಲಕರ ಉಪಾಯ. ಎಂಜಿನ್ ಬಿಸಿಯಲ್ಲಿ ಸ್ವಲ್ಪವಾದರೂ ಆ ಪುಟ್ಟ ರೇಡಿಯೇಟರ್‌ನಿಂದ ಹೊರಹೋಗುತ್ತದೆ. ಬೈಪಾಸ್ ಆದ ಗಾಡಿಯಲ್ಲಿ ಆ ಆಸರೆ ಇಲ್ಲ. ಮುಳ್ಳು ಏರಿದರೆ ಬದಿಗೆ ನಿಲ್ಲಿಸುವುದೊಂದೇ ದಾರಿ. ಮಳೆ, ಮಂಜಿನಲ್ಲಿ ಗಾಜಿನ ಒಳಗಿನ ಹಬೆ ಆರಿಸುವ ಬಿಸಿಗಾಳಿಯೂ ಇರುವುದಿಲ್ಲ. ಶಬರಿಮಲೆ ಸೀಜನ್ನಿನಲ್ಲಿ ಈ ದಾರಿ ಹಿಡಿಯುವ ಕರ್ನಾಟಕದ ಗಾಡಿಯವರೂ ಇದನ್ನು ನೆನಪಿಡಬೇಕು.

ಹಾಗಾಗಿ ಬೈಪಾಸ್ ತಾತ್ಕಾಲಿಕ ಅಂತಲೇ ಇಟ್ಟುಕೊಳ್ಳಿ. ಮಾಡಿಸಿದ ತಾರೀಖು ಬಾನೆಟ್ ಒಳಗೆ ಬರೆದಿಡಿ, ಗಾಡಿ ಮಾರುವಾಗ ಕೊಳ್ಳುವವರಿಗೆ ಹೇಳಿ. ಘಾಟ್ ದಿನಾ ಹತ್ತುವವರಾದರೆ ಮಂಜಿನ ಕಾಲ ಬರುವ ಮೊದಲೇ ಹೀಟರ್ ರಿಪೇರಿ ಮಾಡಿಸಿ ಹೋಸ್ ಮೊದಲಿನಂತೆ ಜೋಡಿಸಿಕೊಳ್ಳುವುದು ಒಳ್ಳೆಯದು.