ಪುಲಿಕೇಶಿಯ ಸುದ್ದಿ ತಲುಪಿದ ಊರು ಷಿಯಾನ್

ಚೀನಾ ಪ್ರವಾಸಕ್ಕೆ ಹೊರಡುವ ಕುಟುಂಬಗಳು ಷಿಯಾನ್ ನಗರಕ್ಕೆ ಹೋಗುವುದು ಹೆಚ್ಚಾಗಿ ಮಣ್ಣಿನ ಸೈನಿಕರನ್ನು ನೋಡಲು. ಬೀಜಿಂಗ್‌ನಿಂದ ವೇಗದ ರೈಲಿನಲ್ಲಿ ಐದಾರು ತಾಸಿನ ದಾರಿ. 1974ರಲ್ಲಿ ಬಾವಿ ತೋಡುತ್ತಿದ್ದ ರೈತರಿಗೆ ಸಿಕ್ಕ ಈ ಸೈನ್ಯವನ್ನು ಚಕ್ರವರ್ತಿ ಚಿನ್ ಷಿಹುವಾಂಗ್‌ನ ಸಮಾಧಿಯ ಕಾವಲಿಗೆಂದು 2200 ವರ್ಷಗಳ ಹಿಂದೆ ಮಾಡಿ ಹೂಳಲಾಗಿತ್ತು. ನೋಡಲೇಬೇಕಾದದ್ದು, ನಿಜ. ಆದರೆ ಆ ಜಾಗ ಊರಿನಿಂದ ಸುಮಾರು 40 ಕಿ.ಮೀ. ದೂರ, ಒಂದು ದಿನ ಅದಕ್ಕೇ ಬೇಕು. ಎರಡೇ ದಿನಕ್ಕೆ ಹೋದವರು ಉಳಿದ ದಿನವನ್ನು ಅಂಗಡಿ ಬೀದಿಗಳಲ್ಲಿ ಕಳೆದು, ಕನ್ನಡಿಗರಿಗೆ ನಂಟಿರುವ ಜಾಗವನ್ನೇ ಬಿಟ್ಟು ಬರುವುದುಂಟು.

ಅದೇ ದೊಡ್ಡ ಕಾಡುಹಂಸದ ಗೋಪುರ. ಶಾಲೆಯ ಪಾಠದಲ್ಲಿ ಎಲ್ಲರೂ ಓದಿರುವ ಹ್ಯೂಯೆನ್ ತ್ಸಾಂಗ್ ಭಾರತಕ್ಕೆ ಹೊರಟದ್ದು ಈ ಊರಿನಿಂದಲೇ. ಆಗ ಇದರ ಹೆಸರು ಚಾಂಗಾನ್. 645ರಲ್ಲಿ ಮರಳಿದಾಗ ಆತ 657 ಗ್ರಂಥಗಳನ್ನು ತಂದಿದ್ದ. ಅವುಗಳನ್ನು ಜೋಪಾನವಾಗಿಡಲು 652ರಲ್ಲಿ ಗೋಪುರ ಕಟ್ಟಲಾಯಿತು. ಈಗ ಇರುವುದು ಏಳು ಅಂತಸ್ತು, ಎತ್ತರ ಸುಮಾರು 64 ಮೀಟರ್. ತುಸು ವಾಲಿದೆ ಕೂಡ. ಮೇಲೆ ಹತ್ತಲು ಮೆಟ್ಟಿಲೇ ಗತಿ. ಮಂಡಿನೋವಿನ ಹಿರಿಯರು ಕೆಳಗೆ ವಿಹಾರದ ಅಂಗಳದಲ್ಲಿ ಕುಳಿತರೂ ನಷ್ಟವಿಲ್ಲ.

ಹ್ಯೂಯೆನ್ ತ್ಸಾಂಗ್ 646ರಲ್ಲಿ ಮುಗಿಸಿದ ಪ್ರವಾಸ ಗ್ರಂಥದಲ್ಲಿ ಬಾದಾಮಿಯ ಇಮ್ಮಡಿ ಪುಲಿಕೇಶಿಯ ವರ್ಣನೆ ಇದೆ. ಹರ್ಷವರ್ಧನನಿಗೆ ಈ ರಾಜ ಮಣಿಯಲಿಲ್ಲ, ಇಲ್ಲಿನ ಜನ ಉಪಕಾರ ಮರೆಯುವುದಿಲ್ಲ, ಅವಮಾನವನ್ನೂ ಮರೆಯುವುದಿಲ್ಲ ಎಂದು ಆತ ಬರೆದ. ಯುದ್ಧಕ್ಕೆ ಮುಂಚೆ ಆನೆಗಳಿಗೆ ಹೆಂಡ ಕುಡಿಸುತ್ತಿದ್ದರೆಂಬ ಮಾತೂ ಅಲ್ಲಿದೆ. ಗೋಪುರದ ಬುಡದಲ್ಲಿ ನಿಂತು ಮಕ್ಕಳಿಗೆ ಹೇಳಲು ಇದಕ್ಕಿಂತ ಒಳ್ಳೆಯ ಕಥೆ ಬೇಕೆ? ಸೊಲ್ಲಾಪುರ, ಜತ್ತ ಕಡೆಯ ಓದುಗರು ಇನ್ನೊಂದನ್ನು ಗಮನಿಸಬಹುದು. ಬಾದಾಮಿಯ ಈ ದೊರೆಯ ರಾಜ್ಯವನ್ನು ಆತ ಕರೆದದ್ದು ಮಹಾರಾಷ್ಟ್ರವೆಂದು.

ಸಂಜೆಗೆ ಕೋಟೆ. ಮಿಂಗ್ ಅರಸರ ಕಾಲದ ಈ ಗೋಡೆಯ ಸುತ್ತಳತೆ 13.7 ಕಿ.ಮೀ.; ಮೇಲೆ ಬಾಡಿಗೆ ಸೈಕಲ್ ಸಿಗುತ್ತದೆ, ಇಬ್ಬರು ತುಳಿಯುವಂಥದ್ದೂ ಉಂಟು. ಮುಸ್ಲಿಮರ ಬೀದಿಯಲ್ಲಿ ದಪ್ಪ ರೊಟ್ಟಿಯನ್ನು ಕೈಯಲ್ಲೇ ಚೂರು ಮಾಡಿ ಕುರಿ ಮಾಂಸದ ಸಾರಿನಲ್ಲಿ ನೆನೆಸಿ ತಿನ್ನುತ್ತಾರೆ. ರೊಟ್ಟಿ ಉಣ್ಣುವ ನಾಡಿನವರಿಗೆ ಹೇಳಿಕೊಡಬೇಕಿಲ್ಲ. ಸಸ್ಯಾಹಾರಿಗಳು ಮಾತ್ರ ಪ್ರತಿ ಕಡೆ ಕೇಳಿಯೇ ತಿನ್ನಬೇಕು.

ಮಣ್ಣಿನ ಸೈನಿಕರ ಟಿಕೆಟ್ ಮುಂಗಡ ಕಾಯ್ದಿರಿಸಲು ಪ್ರತಿಯೊಬ್ಬರ ಪಾಸ್‌ಪೋರ್ಟ್ ಸಂಖ್ಯೆ ಬೇಕು. ಅಕ್ಟೋಬರ್ ಮೊದಲ ವಾರ ಅಲ್ಲಿ ರಾಷ್ಟ್ರೀಯ ರಜೆ. ದಸರಾ ರಜೆಯಲ್ಲಿ ಹೊರಡುವವರು ಆ ವಾರ ತಪ್ಪಿಸಿದರೆ ನೂಕುನುಗ್ಗಲಿನಿಂದ ಪಾರು.