ಜಮಾಅತ್ ಇಲ್ಲದ ಮಸೀದಿ

'ಮಸೀದಿ' ಎಂಬುದು ಅರಬ್ಬಿಯ 'ಮಸ್ಜಿದ್' ಪದದ ರೂಪಾಂತರ. ಸಾಷ್ಟಾಂಗವೆರಗುವ ಸ್ಥಳವೆಂಬುದು ಮೂಲಾರ್ಥ. ಆದರೆ ಮಂಗಳೂರು, ಉಡುಪಿ, ಭಟ್ಕಳಗಳಿಂದ ಕೊಲ್ಲಿ ನಾಡಿಗೆ ಬಂದ ಮುಸ್ಲಿಮರಿಗೆ ಮಸೀದಿಯೆಂದರೆ ನಮಾಜಿನ ಸ್ಥಳ ಮಾತ್ರವಲ್ಲ. ಅದು ಜಮಾಅತಿನ ಕೇಂದ್ರ. ಮನೆಮನೆಯ ವಂತಿಗೆಯಿಂದ ಖತೀಬರಿಗೆ ಸಂಬಳ ಕೊಡುವುದು, ಮದ್ರಸಾ ನಡೆಸುವುದು, ನಿಕಾಹ್ ದಾಖಲಿಸುವುದು, ಕಲಹ ಬಗೆಹರಿಸುವುದು, ಕೊನೆಗೆ ಖಬರಸ್ಥಾನದಲ್ಲಿ ನೆಲ ಒದಗಿಸುವುದು ಇವೆಲ್ಲ ಜಮಾಅತಿನ ಹೊಣೆ.

ಸಂಯುಕ್ತ ಅರಬ್ ಸಂಸ್ಥಾನದ ವ್ಯವಸ್ಥೆ ಬೇರೆ. ಮಸೀದಿಯನ್ನು ದಾನಿಯೊಬ್ಬರು ಕಟ್ಟಿಸಿದರೂ ಆಡಳಿತ ಸರಕಾರದ್ದು. ಇಮಾಮರನ್ನು ನೇಮಿಸುವುದೂ ಶುಕ್ರವಾರದ ಖುತುಬಾದ ಪಠ್ಯವನ್ನು ಸಿದ್ಧಪಡಿಸುವುದೂ ಸರಕಾರದ ಇಲಾಖೆಗಳೇ. 2022ರ ಜನವರಿಯಿಂದ ಖುತುಬಾ ದೇಶದಾದ್ಯಂತ ಒಂದೇ ಹೊತ್ತಿಗೆ ಆರಂಭವಾಗುತ್ತದೆ. ಅನುಮತಿಯಿಲ್ಲದೆ ಮಸೀದಿಯಲ್ಲಿ ಉಪನ್ಯಾಸ ನೀಡುವಂತಿಲ್ಲ, ಚಂದಾ ಎತ್ತುವಂತಿಲ್ಲ.

ಹಳೆಯ ಪೇಟೆಯ ನಡುವಿರುವ ಬರ್ ದುಬೈಯ ಗ್ರ್ಯಾಂಡ್ ಮಸೀದಿ ಇದಕ್ಕೆ ಒಳ್ಳೆಯ ನಿದರ್ಶನ. 1900ರ ಸುಮಾರಿಗೆ ಕಟ್ಟಲಾದ ಮೂಲ ಕಟ್ಟಡದಲ್ಲಿ ಮಕ್ಕಳು ಕುರಾನ್ ಕಲಿಯುತ್ತಿದ್ದರು. 1960ರಲ್ಲಿ ಅದನ್ನು ಕೆಡವಿ ಬೇರೆ ಮಸೀದಿ ಕಟ್ಟಲಾಯಿತು; ಇಂದಿನ ರೂಪ 1998ರದು. ಇಲ್ಲಿ ಯಾರೂ ಸದಸ್ಯರಲ್ಲ. ಪೆಶಾವರದ ಚಾಲಕ, ಕೈರೋದ ಶಿಕ್ಷಕ, ಪುತ್ತೂರಿನ ಅಂಗಡಿಯಾಳು ಒಂದೇ ಸಾಲಿನಲ್ಲಿ ಹೆಗಲಿಗೆ ಹೆಗಲು ತಾಗಿಸಿ ನಿಲ್ಲುತ್ತಾರೆ. ಯಾವ ಜಮಾಅತಿನವನೆಂದು ಯಾರೂ ಕೇಳುವುದಿಲ್ಲ. 2007ರಲ್ಲಿ ತೆರೆದ ಅಬುಧಾಬಿಯ ಶೇಖ್ ಝಾಯೆದ್ ಮಸೀದಿಯಲ್ಲಿ 82 ಗುಮ್ಮಟಗಳಿವೆ. ಏಕಕಾಲಕ್ಕೆ ಸುಮಾರು 40,000 ಮಂದಿ ಪ್ರಾರ್ಥಿಸಬಹುದು. ರಂಜಾನಿನ ಸಂಜೆಗಳಲ್ಲಿ ಅಲ್ಲಿ ಸಹಸ್ರಾರು ಕಾರ್ಮಿಕರು ಉಚಿತ ಇಫ್ತಾರಿಗೆ ಕೂರುತ್ತಾರೆ. ಹಂಚಿಕೊಂಡ ಕೋಣೆಯಲ್ಲೊಂದು ಮಂಚವಷ್ಟೇ ತನ್ನದಾಗಿರುವವನಿಗೆ ಈ ಮುಕ್ತ ಸ್ವಾಗತ ಸಣ್ಣದಲ್ಲ.

ಆದರೆ ಹೆಸರು ಕೇಳದ ಮಸೀದಿಯಲ್ಲಿ ಒಬ್ಬಾತ ನಾಲ್ಕು ವಾರ ಕಾಣದಿದ್ದರೂ ಗಮನಕ್ಕೆ ಬರಲಾರದು. ಆ ಕೊರತೆಯನ್ನು ತುಂಬುತ್ತಿರುವುದು ಮಸೀದಿಯ ಹೊರಗಿನ ಬಳಗಗಳು: ಬ್ಯಾರಿಗಳ, ಭಟ್ಕಳದ ನವಾಯತರ ಹಾಗೂ ಇತರ ಕನ್ನಡಿಗರ ಸಂಘಗಳು. ರೋಗಿಯ ಬಳಿ ಹೋಗುವುದು, ಕೆಲಸ ಕಳೆದುಕೊಂಡವನಿಗೆ ನೆರವಾಗುವುದು, ಮೃತದೇಹವನ್ನು ಊರಿಗೆ ಕಳುಹಿಸುವುದು, ಹೀಗೆ ಜಮಾಅತಿನ ಹಲವು ಕೆಲಸಗಳು ಇಲ್ಲಿ ಇವರ ಪಾಲಿಗೆ ಬಂದಿವೆ.

ಆದ್ದರಿಂದಲೇ ದಶಕಗಳಿಂದ ದುಬೈಯಲ್ಲಿರುವವರೂ ಊರಿನ ಜಮಾಅತಿಗೆ ವಂತಿಗೆ ಕಳುಹಿಸುವುದನ್ನು ನಿಲ್ಲಿಸುವುದಿಲ್ಲ. ಮಕ್ಕಳ ಮದುವೆಗೆ ಅಲ್ಲಿನ ಪತ್ರ ಬೇಕು. ಕರಾವಳಿಯ ಮುಸ್ಲಿಮರಲ್ಲಿ ಹೆಚ್ಚಿನವರು ಅನುಸರಿಸುವ ಶಾಫಿ ಪಂಥವು ದೂರದಲ್ಲಿ ತೀರಿಕೊಂಡವರಿಗಾಗಿ ಮಯ್ಯತ್ ನಮಾಜ್ ಮಾಡಲು ಅವಕಾಶ ನೀಡುತ್ತದೆ. ಕೊಲ್ಲಿಯ ಮಣ್ಣಿನಲ್ಲೇ ದಫನಾದವನ ಹೆಸರನ್ನು ಊರಿನ ಮಸೀದಿಯಲ್ಲಿ ಹೇಳಿ, ನೆರೆಹೊರೆಯವರು ಸಾಲುಗಟ್ಟಿ ಆ ನಮಾಜಿಗೆ ನಿಲ್ಲುತ್ತಾರೆ. ದಿನಕ್ಕೆ ಐದು ಹೊತ್ತು ನಿಲ್ಲಲು ದುಬೈ ಸ್ಥಳ ಕೊಟ್ಟಿದೆ. ಅವನನ್ನು ಹೆಸರು ಹಿಡಿದು ನೆನೆಯುವ ಮಸೀದಿ ಇನ್ನೂ ಊರಿನದೇ.