ಬಿಡುಗಡೆಯ ಮರುದಿನದ ದುಡಿಮೆ

ಮದುವೆಯ ಊಟ ಮುಗಿದು, ಅತಿಥಿಗಳು ತಾಂಬೂಲ ಹಿಡಿದು ಹೊರಟ ಮೇಲೆ ಅಡಿಗೆಯ ಮನೆಯಲ್ಲಿ ಉಳಿಯುವ ಕೆಲಸವೆಷ್ಟೆಂಬುದನ್ನು ನಮ್ಮ ಹೋಟೆಲು ಬಂಧುಗಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಕಂಪ್ಯೂಟರಿನ ಲೋಕದಲ್ಲಿಯೂ ಅಂತಹದೊಂದು ಅಡಿಗೆಯ ಮನೆಯಿದೆ. ಸೋಜಿಗವೆಂದರೆ, ಅಲ್ಲಿ ದುಡಿಯುವವರಿಗೆ ಆ ಸಂಸ್ಥೆಯಿಂದ ಸಂಬಳವಿಲ್ಲ.

ಅದರ ಹೆಸರು ಡೆಬಿಯನ್. ಕಂಪ್ಯೂಟರನ್ನು ನಡೆಸುವ ಮೂಲ ವ್ಯವಸ್ಥೆಗೆ ಆಪರೇಟಿಂಗ್ ಸಿಸ್ಟಮ್ ಎನ್ನುತ್ತಾರೆ. ಡೆಬಿಯನ್ ಅಂತಹ ವ್ಯವಸ್ಥೆಗಳಲ್ಲಿ ಒಂದು. ಅಮೆರಿಕದಲ್ಲಿ ವಿದ್ಯಾರ್ಥಿಯಾಗಿದ್ದ ಇಯಾನ್ ಮರ್ಡಾಕ್ ಅವರು 1993ರ ಆಗಸ್ಟಿನಲ್ಲಿ ಇದನ್ನು ಆರಂಭಿಸಿದರು. ಇದರ ಮೂಲಬರಹವನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಹಂಚಬಹುದು. ಇದನ್ನು ಯಂತ್ರಕ್ಕೆ ಅಳವಡಿಸುವಾಗ ತೋರುವ ಸೂಚನೆಗಳು ಕನ್ನಡದಲ್ಲಿಯೂ ದೊರೆಯುತ್ತವೆ.

2025ರ ಆಗಸ್ಟ್ 9ರಂದು ಇದರ 13ನೆಯ ಆವೃತ್ತಿಯಾದ ‘ಟ್ರಿಕ್ಸಿ’ ಹೊರಬಂದಿತು. ಅದರಲ್ಲಿ 69,830 ಪ್ಯಾಕೇಜುಗಳು, ಅಂದರೆ ಬಿಡಿ ಬಿಡಿಯಾಗಿ ಕಟ್ಟಿಟ್ಟ ತಂತ್ರಾಂಶದ ಗಂಟುಗಳು. ಇಷ್ಟೊಂದು ಗಂಟುಗಳನ್ನು ಕಾಯುವವರ ಮೇಲೆ ಯಜಮಾನನೇ ಇಲ್ಲ! 1998ರಲ್ಲಿ ಅವರು ತಮಗೆ ತಾವೇ ಒಂದು ಸಂವಿಧಾನವನ್ನು ವಿಧಿಸಿಕೊಂಡರು. ಯಾರೂ ಯಾವ ಕೆಲಸವನ್ನೂ ಮಾಡಲೇಬೇಕೆಂಬ ಕಟ್ಟಳೆಯಿಲ್ಲ, ಆದರೆ ನಿಯಮಗಳಿಗೆ ವಿರುದ್ಧವಾಗಿ ನಡೆಯಲಾಗದು ಎಂಬುದು ಅದರ ತಾತ್ಪರ್ಯ. ವರ್ಷಕ್ಕೊಮ್ಮೆ ಚುನಾಯಿತರಾಗುವ ನಾಯಕರೂ ಯಾರನ್ನೂ ದುಡಿಮೆಗೆ ಹಚ್ಚಲಾರರು.

ಹಾಗಾದರೆ ಕೆಲಸ ಸಾಗುವುದು ಹೇಗೆ? ಬಿಡುಗಡೆಗೆ ಮುಂಚೆ ತಿಂಗಳುಗಟ್ಟಲೆ ಹೊಸ ಮಾರ್ಪಾಟುಗಳನ್ನು ತಡೆದಿರುತ್ತಾರೆ. ಬಿಡುಗಡೆಯಾದೊಡನೆ ತೂಬು ತೆರೆದಂತೆ ಅವೆಲ್ಲ ಒಮ್ಮೆಲೇ ನುಗ್ಗುತ್ತವೆ. ಅವು ಮೊದಲು ಸೇರುವ ಅಂಗಳಕ್ಕೆ ‘ಸಿಡ್’ ಎಂದು ಹೆಸರು. (‘ಟಾಯ್ ಸ್ಟೋರಿ’ ಚಿತ್ರದಲ್ಲಿ ಆಟಿಕೆಗಳನ್ನು ಮುರಿಯುವ ಹುಡುಗನ ಹೆಸರಿದು, ನಾಮಕರಣ ಮಾಡಿದವರಿಗೆ ವಿನೋದಬುದ್ಧಿ ಇದ್ದಿರಬೇಕು.) ಒಂದನ್ನು ಬದಲಿಸಿದರೆ ನೂರನ್ನು ಮತ್ತೆ ಕಟ್ಟಬೇಕಾಗುವ ಪ್ಯಾಕೇಜುಗಳಿಗೆ ಬಿಡುಗಡೆಯ ತಂಡದವರು ಸರದಿ ಗೊತ್ತುಮಾಡುತ್ತಾರೆ. ಜನರ ಕೈಸೇರಿದ ಆವೃತ್ತಿಯನ್ನಾದರೋ ಸುಲಭವಾಗಿ ಮುಟ್ಟುವಂತಿಲ್ಲ. ದೋಷ ಗುರುತರವಾಗಿರಬೇಕು, ಅದಕ್ಕೊಂದು ಸಂಖ್ಯೆ ಬೀಳಬೇಕು, ಹಳೆಯದಕ್ಕೂ ಹೊಸದಕ್ಕೂ ಇರುವ ವ್ಯತ್ಯಾಸವನ್ನು ಸಾಲು ಸಾಲಾಗಿ ತೋರಿಸಿ ಒಪ್ಪಿಗೆ ಪಡೆಯಬೇಕು. ಗುಮಾಸ್ತೆ ಬಂಧುಗಳಿಗೆ ಈ ಟಿಪ್ಪಣಿ-ಮಂಜೂರಾತಿಯ ಕ್ರಮ ಹೊಸದೆನಿಸದು. ಹೀಗೆ ಒಪ್ಪಿಗೆಯಾದ ತಿದ್ದುಪಡಿಗಳನ್ನು ಸುಮಾರು ಎರಡು ತಿಂಗಳಿಗೊಮ್ಮೆ ಒಟ್ಟಾಗಿ ಹೊರಡಿಸುತ್ತಾರೆ. ಭದ್ರತೆಯ ತಿದ್ದುಪಡಿಗಳಿಗೆ ಮಾತ್ರ ಇಷ್ಟು ಕಾಯಿಸುವುದಿಲ್ಲ; ಅವಕ್ಕೆ ಪ್ರತ್ಯೇಕ ತಂಡವೇ ಇದೆ.

ಇಷ್ಟು ಎಚ್ಚರಿಕೆಯಿದ್ದರೂ ಗಂಡಾಂತರ ತಪ್ಪಲಿಲ್ಲ. 2023ರ ಡಿಸೆಂಬರ್ 9, ಶನಿವಾರ. 12ನೆಯ ಆವೃತ್ತಿಯ ಮೂರನೆಯ ತಿದ್ದುಪಡಿ, ಎಂದರೆ 12.3, ಹೊರಡುವ ದಿನ. ಪ್ಯಾಕೇಜುಗಳು ಆಗಲೇ ಹಂಚಿಕೆಯ ಯಂತ್ರಗಳನ್ನು ಸೇರತೊಡಗಿದ್ದವು. ಅಷ್ಟರಲ್ಲಿ ಅದರೊಳಗಿನ 6.1.64 ಸಂಖ್ಯೆಯ ಲಿನಕ್ಸ್ ಕರ್ನೆಲ್ ಡಿಸ್ಕಿನ ಮೇಲಿನ ಕಡತಗಳನ್ನೇ ಕೆಡಿಸಬಲ್ಲುದೆಂಬುದು ಬೆಳಕಿಗೆ ಬಂದಿತು. ಹೊಸ ಕರ್ನೆಲಿನಿಂದ ಹಳೆಯದಕ್ಕೆ ಒಂದು ತಿದ್ದುಪಡಿಯನ್ನು ತಂದಿದ್ದರು. ಅದು ಆಧರಿಸಿದ್ದ ಇನ್ನೊಂದು ತಿದ್ದುಪಡಿ ಮಾತ್ರ ಹಿಂದೆಯೇ ಉಳಿದಿತ್ತು. ಪ್ರೋಗ್ರಾಮು ಕೆಟ್ಟರೆ ಮತ್ತೆ ಹಾಕಿಕೊಳ್ಳಬಹುದು. ವರ್ಷಗಳ ಲೆಕ್ಕಪತ್ರ ಕೆಟ್ಟರೆ ತಂದುಕೊಡುವವರಾರು?

ಅಂದೇ ಪ್ರಕಟಣೆ ಹೊರಟಿತು: ಬಿಡುಗಡೆಯನ್ನು ತಡೆಹಿಡಿಯಲಾಗಿದೆ, ಸದ್ಯಕ್ಕೆ ಯಾರೂ ಯಂತ್ರಗಳನ್ನು ನವೀಕರಿಸಬಾರದು, ತಾನಾಗಿಯೇ ನವೀಕರಣಗೊಳ್ಳುವಂತೆ ಇಟ್ಟುಕೊಂಡವರು ವಿಶೇಷ ಜಾಗರೂಕತೆ ವಹಿಸಬೇಕು. ಸಿದ್ಧವಾಗಿದ್ದುದನ್ನು ಹೀಗೆ ನಿಲ್ಲಿಸಿದ್ದೇ ಆ ದಿನದ ದೊಡ್ಡ ಕೆಲಸವೆಂದು ನನ್ನ ಭಾವನೆ. ತಿದ್ದಿದ ಕರ್ನೆಲನ್ನು ಮತ್ತೆ ಕಟ್ಟಿ ಪರೀಕ್ಷಿಸಿ, ಮರುದಿನ ಭಾನುವಾರವೇ 12.4 ಎಂಬ ಸಂಖ್ಯೆಯೊಡನೆ ಹೊರಡಿಸಿದರು. 12.3ರ ಡಿಸ್ಕುಗಳು ಹೊರಬರಲೇ ಇಲ್ಲ.

ಟ್ರಿಕ್ಸಿಯ ಮೊದಲ ತಿದ್ದುಪಡಿಯಾದ 13.1 ಹೊರಬಂದದ್ದು 2025ರ ಸೆಪ್ಟೆಂಬರ್ 6ರಂದು, ಬಿಡುಗಡೆಯ ಸಂಭ್ರಮ ಕಳೆದು ಸರಿಯಾಗಿ ನಾಲ್ಕು ವಾರಕ್ಕೆ. ಅದೂ ಶನಿವಾರವೇ.